ಆಟಿಸಂ ಇರುವ ಮಕ್ಕಳಿಗೆ ನಮ್ಮ ಬಡಾವಣೆಯಲ್ಲೇ ಒಂದು ಜಾಗ: ಏನು ಬೇಕು, ಏನು ಬೇಡ?

ಬಡಾವಣೆಯ ಗಣೇಶೋತ್ಸವ ಎಂದುಕೊಳ್ಳಿ. ಧ್ವನಿವರ್ಧಕ ಜೋರಾಗಿ ಮೊಳಗುತ್ತಿದೆ. ಐದು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಬಿದ್ದು ಚೀರುತ್ತಿದ್ದಾನೆ. ಅವನನ್ನು ಎತ್ತಿಕೊಳ್ಳಲು ಅಮ್ಮ ಒದ್ದಾಡುತ್ತಿದ್ದಾಳೆ. ಸುತ್ತಲಿನವರ ಮಾತು ಹೀಗೆ: 'ಎಷ್ಟು ಹಠ ನೋಡಿ', 'ಮೊಬೈಲ್ ಕೊಟ್ಟು ಬೆಳೆಸಿದ್ರೆ ಹೀಗೇ ಆಗೋದು', 'ಎರಡೇಟು ಬಿದ್ರೆ ಸರಿಹೋಗ್ತಾನೆ'.

ಮುಂದಿನ ವರ್ಷ ಆ ಕುಟುಂಬ ಗಣಪತಿ ನೋಡಲು ಬರುವುದಿಲ್ಲ. ಆಮೇಲೆ ಮದುವೆ, ನಾಮಕರಣ, ಪಾರ್ಕು ಒಂದೊಂದಾಗಿ ನಿಂತುಹೋಗುತ್ತವೆ. ಮಗುವಿನ ಜೊತೆ ಇಡೀ ಮನೆಯೇ ಒಂಟಿಯಾಗುತ್ತದೆ. ಇದನ್ನು ತಪ್ಪಿಸಲು ನಮ್ಮಂಥ ಸಾಮಾನ್ಯರು ಏನಾದರೂ ಮಾಡಬಹುದೇ? ಖಂಡಿತ ಮಾಡಬಹುದು.

ಆ ಮಗುವಿಗೆ ಆಗುತ್ತಿರುವುದೇನು?

ಆಟಿಸಂ (ಸ್ವಲೀನತೆ) ಎಂಬುದು ಮಿದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. ಇಂತಹ ಅನೇಕ ಮಕ್ಕಳಿಗೆ ಸದ್ದು, ಬೆಳಕು, ವಾಸನೆ, ಸ್ಪರ್ಶ ನಮಗಿಂತ ಬಹಳ ತೀವ್ರವಾಗಿ ತಟ್ಟುತ್ತವೆ. ನಮಗೆ ಹಬ್ಬದ ಸಂಭ್ರಮ ಎನಿಸುವ ಸದ್ದು ಆ ಮಗುವಿಗೆ ನೋವಿನಂತೆ ಆಗಬಹುದು.

ಹಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಸುಲಭ. ಹಠ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಈ ಮಗುವಿಗೆ ಆಟಿಕೆ, ಚಾಕೊಲೇಟು ಏನು ಕೊಟ್ಟರೂ ಸಮಾಧಾನ ಆಗದು. ಗದ್ದಲ ತಗ್ಗಿದ ಮೇಲೆ ನಿಧಾನಕ್ಕೆ ಶಾಂತವಾಗುತ್ತದೆ.

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಮುಂತಾದವು ಇರುವವರನ್ನು ಒಟ್ಟಾಗಿ 'ನ್ಯೂರೋಡೈವರ್ಜೆಂಟ್' ಎನ್ನುತ್ತಾರೆ. ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವವರು ಎಂದು ಅರ್ಥ.

ಫಾರ್ವರ್ಡ್‌ಗಳು ಹೇಳುವುದೇನು? ಸತ್ಯವೇನು?

'ತಾಯಿಯ ತಪ್ಪು': ತಪ್ಪು ಮಾಹಿತಿ. 1943ರಲ್ಲಿ ವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ನಂತರ, ಪ್ರೀತಿ ತೋರದ ತಾಯಂದಿರೇ ಇದಕ್ಕೆ ಕಾರಣ ಎಂಬ ನಂಬಿಕೆ ಪಶ್ಚಿಮದ ದೇಶಗಳಲ್ಲಿ ದಶಕಗಳ ಕಾಲ ಇತ್ತು. ಆಟಿಸಂ ಇರುವ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರ ತಮ್ಮ ಪುಸ್ತಕದಲ್ಲಿ ಅದನ್ನು ಪ್ರಶ್ನಿಸಿದರು. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಇಂದು ಸ್ಪಷ್ಟವಾಗಿದೆ.

'ಲಸಿಕೆಯಿಂದ ಬರುತ್ತದೆ': ಸುಳ್ಳು. ಈ ಮಾತಿಗೆ ಮೂಲವಾದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಡಾರದ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಕಂಡುಬರಲಿಲ್ಲ.

'ಮೊಬೈಲ್‌ನಿಂದ ಬರುತ್ತದೆ': ಅತಿಯಾದ ಮೊಬೈಲ್ ಯಾವ ಮಗುವಿಗೂ ಒಳ್ಳೆಯದಲ್ಲ. ಆದರೆ ಅದೇ ಆಟಿಸಂಗೆ ಕಾರಣ ಎಂದು ಸಾಬೀತಾಗಿಲ್ಲ.

'ಪೂರ್ತಿ ವಾಸಿ ಮಾಡುತ್ತೇವೆ': ನಂಬಬೇಡಿ. ಆಟಿಸಂ ಅನ್ನು ಇಲ್ಲವಾಗಿಸುವ ಔಷಧಿ ಇಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಇದಕ್ಕೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿಯಂಥ ತರಬೇತಿಗಳಿಂದ ಮಾತ್ರ ಅನೇಕ ಮಕ್ಕಳಿಗೆ ನಿಜವಾದ ಪ್ರಯೋಜನವಿದೆ.

ಸಾಮಾನ್ಯರು ಏನು ಮಾಡಬಲ್ಲರು?

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಪೋಷಕರಿಗೆ ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮಗುವಿನ ಗಮನ ಎಲ್ಲಿದೆಯೋ ಅದನ್ನು ಹಿಂಬಾಲಿಸಿ ಸ್ಪಂದಿಸುವುದನ್ನು ಪೋಷಕರು ಕಲಿತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು.

ತರಬೇತಿಯೇ ಇಲ್ಲದ ನಾವು ಚಿಕಿತ್ಸೆ ಕೊಡಲಾರೆವು. ಆದರೆ ಮಕ್ಕಳು ನಿರಾಳವಾಗಿ ಆಡಬಹುದಾದ ಜಾಗವನ್ನಂತೂ ಕೊಡಬಲ್ಲೆವು. ಅದಕ್ಕೆ ಹೊಸ ಕಟ್ಟಡ ಬೇಡ. ಶಾಲೆಯ ಕೊಠಡಿ, ಗ್ರಂಥಾಲಯ, ಅಪಾರ್ಟ್‌ಮೆಂಟ್‌ನ ಹಾಲ್ ಯಾವುದಾದರೂ ಸಾಕು. ವಾರಕ್ಕೊಮ್ಮೆ ಎರಡು ಗಂಟೆ. ಗಮನಿಸಬೇಕಾದದ್ದು ಇಷ್ಟು:

1. ಸದ್ದು, ಬೆಳಕು ತಗ್ಗಿಸಿ. ಮೈಕ್ ಬೇಡ. ಮಿಣುಕುವ ಟ್ಯೂಬ್‌ಲೈಟ್ ಆರಿಸಿ.

2. ಒಂದು ಶಾಂತ ಮೂಲೆ ಇರಲಿ. ಚಾಪೆ, ದಿಂಬು, ಒಂದು ಪರದೆ ಸಾಕು. ಮಗುವಿಗೆ ಸಾಕೆನಿಸಿದಾಗ ಅಲ್ಲಿ ಹೋಗಿ ಕೂರಲಿ. ಅದು ಶಿಕ್ಷೆಯ ಜಾಗ ಆಗಬಾರದು.

3. ಮುಂದೇನು ಎಂದು ಮೊದಲೇ ತೋರಿಸಿ. ಚಪ್ಪಲಿ ಬಿಡುವುದು, ಆಟ, ತಿಂಡಿ, ಟಾಟಾ ಹೇಳುವುದು, ಹೀಗೆ ಸಾಲಾಗಿ ಚಿತ್ರ ಅಂಟಿಸಿ. ಪ್ರತಿ ವಾರ ಅದೇ ಸಮಯ, ಅದೇ ಜಾಗ ಇರಲಿ. ಅನಿರೀಕ್ಷಿತ ಬದಲಾವಣೆ ಈ ಮಕ್ಕಳಲ್ಲಿ ಹಲವರಿಗೆ ಆತಂಕ ತರುತ್ತದೆ.

4. ಒತ್ತಾಯ ಮಾಡಬೇಡಿ. 'ಆಂಟಿಗೆ ನಮಸ್ತೆ ಹೇಳು', 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡು' ಎನ್ನುವುದು ಬೇಡ. ಮಗು ಕೈ ಬಡಿಯುತ್ತಿದ್ದರೆ, ಗಿರಗಿರ ತಿರುಗುತ್ತಿದ್ದರೆ ತಡೆಯಬೇಡಿ. ಎಷ್ಟೋ ಮಕ್ಕಳು ಹೀಗೆಯೇ ತಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಾರೆ.

5. ಬಾಗಿಲಲ್ಲಿ ಒಬ್ಬರು ಇರಲಿ. ಕೆಲವು ಮಕ್ಕಳು ಯಾರಿಗೂ ತಿಳಿಯದಂತೆ ಹೊರಗೆ ಓಡಿಬಿಡುತ್ತಾರೆ. ಹತ್ತಿರ ರಸ್ತೆ, ಬಾವಿ, ಕೆರೆ ಇದ್ದರೆ ಎರಡು ಪಟ್ಟು ಎಚ್ಚರ ಬೇಕು.

6. ಪೋಷಕರಿಗೂ ಜಾಗ ಬೇಕು. ಅವರು ಟೀ ಕುಡಿಯುತ್ತ ಪರಸ್ಪರ ಮಾತಾಡಲಿ. ಕೇಳದೆ ಸಲಹೆ ಕೊಡಬೇಡಿ. ಅಪ್ಪ, ಅಜ್ಜಿ, ತಾತ, ಒಡಹುಟ್ಟಿದವರನ್ನೂ ಕರೆಯಿರಿ. ಬೇರೆ ಮಕ್ಕಳೂ ಬರಲಿ. ಇಲ್ಲದಿದ್ದರೆ ಅದು ಇನ್ನೊಂದು ಪ್ರತ್ಯೇಕ ಕೋಣೆ ಆಗಿಬಿಡುತ್ತದೆ.

7. ಫೋಟೊ, ವಿಡಿಯೊ ತೆಗೆದು ಗ್ರೂಪಿಗೆ ಹಾಕಬೇಡಿ.

ಸಹಾಯ ಎಲ್ಲಿ ಸಿಗುತ್ತದೆ?

ಇಂತಹ ಜಾಗ ಚಿಕಿತ್ಸೆಗೆ ಬದಲಿ ಅಲ್ಲ. ಮಗು ಹೆಸರು ಕರೆದರೆ ತಿರುಗುತ್ತಿಲ್ಲ, ಮಾತು ತಡವಾಗಿದೆ, ಬಂದ ಮಾತು ನಿಂತುಹೋಗಿದೆ ಎನಿಸಿದರೆ 'ದೊಡ್ಡವನಾದ ಮೇಲೆ ಸರಿಹೋಗುತ್ತೆ' ಎಂದು ಕಾಯಬೇಡಿ. ಮಕ್ಕಳ ವೈದ್ಯರನ್ನು ಕಾಣಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ, ಮಾರ್ಗದರ್ಶನ ಸಿಗುತ್ತದೆ.

ಆಟಿಸಂ ಮತ್ತು ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿವೆ. ಆಟಿಸಂ ಇರುವವರಿಗೆ ಕೇಂದ್ರದ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಪೋಷಕರ ಮನಸ್ಸೇ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮುಂದಿನ ಗಣೇಶೋತ್ಸವಕ್ಕೆ ನಿಮ್ಮ ಸಮಿತಿಯವರಿಗೆ ಒಂದು ಮಾತು ಹೇಳಿ ನೋಡಿ: ಸಂಜೆ ನಾಲ್ಕರಿಂದ ಐದರವರೆಗೆ ಧ್ವನಿವರ್ಧಕ ಬಂದ್ ಇರಲಿ. ಅದನ್ನು ಮೊದಲೇ ಗ್ರೂಪಿನಲ್ಲಿ ತಿಳಿಸಿ. ಹೋದ ವರ್ಷ ಬಾರದಿದ್ದ ಕುಟುಂಬ ಈ ಸಲ ಬರಬಹುದು. ಮಗು ಮತ್ತೆ ಅತ್ತರೆ ತಾಯಿಯ ಹತ್ತಿರ ಹೋಗಿ ಇಷ್ಟು ಕೇಳಿ: 'ನಾನೇನಾದ್ರೂ ಸಹಾಯ ಮಾಡ್ಲಾ?'