ಬಾಲ್ ಜಾಯಿಂಟ್ ಬಿಡ್ತಾ ಇಲ್ವಾ? ಸುತ್ತಿಗೆ ಎತ್ತೋ ಮೊದಲು ಇಷ್ಟು ತಿಳ್ಕೊಳ್ಳಿ

ತೀರ್ಥಹಳ್ಳಿ: ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ಗ್ಯಾರೇಜ್‌ಗಳ ಮುಂದೆ ಗಾಡಿಗಳ ಸಾಲು ಉದ್ದ ಆಗುತ್ತೆ. ಹೆಚ್ಚಿನವರ ದೂರು ಒಂದೇ. ಗುಂಡಿಗೆ ಇಳಿದಾಗ ಮುಂದಿನ ಚಕ್ರದ ಹತ್ತಿರ 'ಕಟ್ ಕಟ್' ಸದ್ದು, ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ಇದಕ್ಕೆ ಬಹಳ ಸಲ ಕಾರಣ ಸವೆದ ಬಾಲ್ ಜಾಯಿಂಟ್.

ಪೇಟೆಯಿಂದ ದೂರ ಇರೋ ತೋಟದ ಮನೆಯವರು, ದಿನಾ ಸರಕು ಹೇರೋ ಅಂಗಡಿಯವರು ಇದನ್ನ ಮನೆ ಅಂಗಳದಲ್ಲೇ ಬಿಚ್ಚೋಕೆ ನೋಡ್ತಾರೆ. ನಟ್ ಏನೋ ಬರುತ್ತೆ, ಜಾಯಿಂಟ್ ಮಾತ್ರ ಜಗ್ಗಲ್ಲ. ಎಳೆದರೂ ಇಲ್ಲ, ಹೊಡೆದರೂ ಇಲ್ಲ. ಕೆಲಸ ಕೆಡೋದು, ಕೈಗೆ ಪೆಟ್ಟಾಗೋದು ಇದೇ ಹಂತದಲ್ಲಿ.

ಬಾಲ್ ಜಾಯಿಂಟ್ ಅಂದ್ರೆ ಏನು?

ಮನುಷ್ಯನ ಸೊಂಟದ ಕೀಲು ಇದ್ದ ಹಾಗೆ ಇದು. ಒಂದು ಬಟ್ಟಲು, ಅದರೊಳಗೆ ಒಂದು ಉಕ್ಕಿನ ಗುಂಡು, ಗುಂಡಿಗೆ ಅಂಟಿಕೊಂಡ ಒಂದು ಕಡ್ಡಿ. ಬಟ್ಟಲು ಇರೋದು ಲೋಯರ್ ಆರ್ಮ್‌ನಲ್ಲಿ. ಕಡ್ಡಿ, ಅಂದರೆ ಸ್ಟಡ್, ಚಕ್ರದ ಹಬ್ ಹೊತ್ತಿರುವ ಸ್ಟೀರಿಂಗ್ ನಕಲ್‌ನ ಕಣ್ಣಿನೊಳಗೆ ಕೂತಿರುತ್ತೆ. ಚಕ್ರ ಮೇಲೆ ಕೆಳಗೆ ಆಡೋದೂ, ಎಡಕ್ಕೆ ಬಲಕ್ಕೆ ತಿರುಗೋದೂ ಈ ಕೀಲಿನ ಮೇಲೆ.

ಒಳಗಿನ ಗ್ರೀಸ್ ಕಾಯೋದು ಒಂದು ರಬ್ಬರ್ ಬೂಟ್. ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ತಾಲೂಕು ಇದು. ಬೂಟ್ ಒಂದು ಸಲ ಹರಿದರೆ ಕೆಸರು ನೀರು ಒಳಗೆ ಹೋಗಿ ಗುಂಡು ಸವೆಯೋಕೆ ಹೆಚ್ಚು ದಿನ ಬೇಡ. ಪೂರ್ತಿ ಸವೆದರೆ ಗುಂಡು ಬಟ್ಟಲಿಂದ ಕಳಚಿಕೊಂಡು ಚಕ್ರ ಒಂದು ಕಡೆಗೆ ಮಡಚಿಕೊಳ್ಳುತ್ತೆ. ಘಾಟಿ ತಿರುವಿನಲ್ಲಿ ಹಾಗಾದರೆ ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಏನೂ ಉಳಿಯಲ್ಲ.

ಮೊದಲು ಖಾತ್ರಿ ಮಾಡ್ಕೊಳ್ಳಿ

ಚಕ್ರ ನೆಲದಿಂದ ಎತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್ ಹೋಗಿದೆ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಮೊದಲು ಟೈ ರಾಡ್ ಎಂಡ್ ನೋಡಿ. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಬದಿಯಿಂದ ಟಾರ್ಚ್ ಹಾಕಿ ಯಾವ ಜಾಗ ಅಲುಗುತ್ತೆ ಅಂತ ನೋಡಿದರೆ ಗೊತ್ತಾಗುತ್ತೆ. ಅಂದಾಜಿನ ಮೇಲೆ ಬಿಚ್ಚಬೇಡಿ.

ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ

ಜಾಕ್ ಇರೋದು ಗಾಡಿ ಎತ್ತೋಕೆ ಮಾತ್ರ, ಹೊತ್ತು ನಿಲ್ಲೋಕೆ ಅಲ್ಲ. ಈ ಕೆಲಸದಲ್ಲಿ ಸುತ್ತಿಗೆ ಏಟು, ಹಾರೆ ಜಗ್ಗಾಟ ಎರಡೂ ಇರೋದರಿಂದ ಜಾಕ್ ಜಾರುವ ಸಾಧ್ಯತೆ ಇನ್ನೂ ಹೆಚ್ಚು.

ಸಮತಟ್ಟಾದ ಗಟ್ಟಿ ನೆಲ ಆರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ. ಎತ್ತಿದ ಮೇಲೆ ಗಾಡಿಯ ಭಾರ ಜಾಕ್ ಸ್ಟ್ಯಾಂಡ್ ಮೇಲೆ ಕೂರಬೇಕು. ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಬ್ಲಾಕ್, ಅಡಿಕೆ ಮರದ ತುಂಡು ಯಾವುದೂ ಬೇಡ. ಇವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ, ಉರುಳುತ್ತವೆ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ಇಟ್ಟರೆ ಇನ್ನೊಂದು ರಕ್ಷಣೆ. ಕಣ್ಣಿಗೆ ಕನ್ನಡಕ ಇರಲಿ, ಸುತ್ತಿಗೆ ಏಟಿಗೆ ತುಕ್ಕಿನ ಚೂರು ಸಿಡಿಯುತ್ತೆ.

ಇನ್ನೊಂದು ಮುಖ್ಯ ವಿಷಯ. ಬೊಲೆರೊ, ಇನ್ನೋವಾದಂಥ ಗಾಡಿಗಳಲ್ಲಿ ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಸ್ಪ್ರಿಂಗಿನ ಒತ್ತಡ ನೇರ ಕೆಳಗಿನ ಆರ್ಮ್ ಮೇಲಿರುತ್ತೆ. ಅಲ್ಲಿ ಬಾಲ್ ಜಾಯಿಂಟ್ ಕಳಚಿದ ಕ್ಷಣ ಆರ್ಮ್ ಗುಂಡಿನ ಹಾಗೆ ಕೆಳಗೆ ಚಿಮ್ಮಬಹುದು. ಅಂಥ ಗಾಡಿಯನ್ನು ಅನುಭವ ಇಲ್ಲದವರು ಮನೆಯಲ್ಲಿ ಬಿಚ್ಚದೇ ಇರೋದೇ ಒಳ್ಳೇದು. ಸಣ್ಣ ಕಾರುಗಳಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಜೊತೆಗೇ ಸೇರಿಕೊಂಡಿರೋದರಿಂದ ಈ ಅಪಾಯ ಅಷ್ಟಿಲ್ಲ.

ಜಾಯಿಂಟ್ ಯಾವ ಜಾತಿದು?

ಅರ್ಧ ಜನ ಸೋಲೋದು ಇಲ್ಲೇ. ಜಾಯಿಂಟ್ ಕೂರಿಸೋ ರೀತಿ ಎರಡು. ಒಂದಕ್ಕೆ ಮಾಡೋ ಉಪಾಯ ಇನ್ನೊಂದಕ್ಕೆ ನಡೆಯಲ್ಲ.

ಒಂದು, ಬೆಣೆ ಜಾತಿ. ಸ್ಟಡ್ ಬುಡದಲ್ಲಿ ದಪ್ಪ, ತುದಿ ಕಡೆಗೆ ಸಣ್ಣ. ತುದಿಯಲ್ಲಿ ನಟ್ ಕಾಣುತ್ತೆ. ಟೈ ರಾಡ್ ಎಂಡ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ದೊಡ್ಡ ಗಾಡಿಗಳ ಬಾಲ್ ಜಾಯಿಂಟ್ ಕೂಡ ಹೆಚ್ಚಾಗಿ ಇದೇ ತರ.

ಎರಡು, ಹಿಡಿಕಟ್ಟು ಜಾತಿ. ಇಲ್ಲಿ ಸ್ಟಡ್ ನೇರ. ನಕಲ್‌ನ ಕಣ್ಣಿನಲ್ಲಿ ಒಂದು ಸೀಳು ಇದ್ದು, ಅಡ್ಡ ಬೋಲ್ಟ್ ಬಿಗಿದಾಗ ಕಣ್ಣು ಸ್ಟಡ್ಡನ್ನು ಅಮುಕಿ ಹಿಡಿಯುತ್ತೆ. ಸ್ವಿಫ್ಟ್, ಆಲ್ಟೋದಂಥ ಕಾರುಗಳ ಲೋಯರ್ ಆರ್ಮ್ ಈ ರೀತಿಯದು.

ಬೆಣೆ ಜಾತಿ: ಎಳೆದರೆ ಬರಲ್ಲ, ನಡುಗಿಸಿದರೆ ಬರುತ್ತೆ

ಕೊಡಲಿ ಕಾವಿಗೆ ಹೊಡೆದ ಬೆಣೆ ಎಳೆದರೆ ಬರುತ್ತಾ? ಇದೂ ಹಾಗೇ. ಸ್ಟಡ್‌ನ ಇಳಿಜಾರು ತೀರಾ ಕಡಿಮೆ. ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಉದ್ದಕ್ಕೆ ದಪ್ಪದಲ್ಲಿ 1 ಮಿ.ಮೀ. ವ್ಯತ್ಯಾಸ. ಇಷ್ಟು ಸಣ್ಣ ಇಳಿಜಾರಿನಲ್ಲಿ ಉಕ್ಕಿಗೆ ಉಕ್ಕು ತಾಗಿದ ಘರ್ಷಣೆಯೇ ಗೆಲ್ಲುತ್ತೆ. ನಟ್ ತೆಗೆದರೂ ಸ್ಟಡ್ ಕೂತಲ್ಲೇ ಕೂತಿರೋದು ಅದಕ್ಕೆ.

ಹಿಂದಿನ ರಾತ್ರಿಯೇ ನಟ್‌ನ ಎಳೆಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಬೆಳಿಗ್ಗೆ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ಕೆಲವು ಎಳೆ ಹಿಡಿದುಕೊಂಡೇ ಇರಲಿ. ಜಾಯಿಂಟ್ ತಟ್ಟನೆ ಬಿಟ್ಟಾಗ ಆರ್ಮ್ ಕಾಲ ಮೇಲೆ ಬೀಳದಂತೆ ತಡೆಯೋದು ಇದೇ ನಟ್.

ನಟ್ ಜೊತೆ ಸ್ಟಡ್ಡೂ ಗಿರಗಿರ ತಿರುಗಿದರೆ, ಜಾಯಿಂಟ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು ಸ್ಟಡ್ಡನ್ನು ಕಣ್ಣಿನೊಳಕ್ಕೆ ಒತ್ತಿ ಹಿಡಿಯಿರಿ. ಬೆಣೆ ಮತ್ತೆ ಕಚ್ಚಿಕೊಂಡು ನಟ್ ಮಾತ್ರ ತಿರುಗುತ್ತೆ.

ಆಮೇಲೆ ಸರಿಯಾದ ದಾರಿ ಅಂದರೆ ಪುಲ್ಲರ್. ಅದರ ದವಡೆ ಕಣ್ಣನ್ನು ಹಿಡಿಯುತ್ತೆ, ಸ್ಕ್ರೂ ಸ್ಟಡ್‌ನ ತುದಿಯನ್ನು ಒತ್ತುತ್ತೆ. ಗಟ್ಟಿಯಾಗುವ ತನಕ ಬಿಗಿದು ನಿಲ್ಲಿಸಿ. ಆಗಲೂ ಬರದಿದ್ದರೆ ಇನ್ನೂ ಬಿಗಿಯಬೇಡಿ, ಕಣ್ಣಿನ ಬದಿಗೆ ಸುತ್ತಿಗೆಯಲ್ಲಿ ಒಂದು ಏಟು ಕೊಡಿ. ಸಾಮಾನ್ಯವಾಗಿ 'ಠಣ್' ಅಂತ ಬಿಟ್ಟುಕೊಳ್ಳುತ್ತೆ.

ಪುಲ್ಲರ್ ಸಿಗದಿದ್ದರೆ ಎರಡು ಸುತ್ತಿಗೆ ಬೇಕು. ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಎದುರು ಬದಿಗೆ ಒಂದು, ಒಂದೂವರೆ ಕೆ.ಜಿ. ಸುತ್ತಿಗೆಯಲ್ಲಿ ನೇರ ಹೊಡೆಯಿರಿ. ಏಟಿಗೆ ಗುಂಡಗಿರೋ ಕಣ್ಣು ಒಂದು ಕ್ಷಣ ಅಂಡಾಕಾರ ಆಗಿ ಬೆಣೆಯ ಹಿಡಿತ ತಪ್ಪುತ್ತೆ. ಅದೇ ಹೊತ್ತಿಗೆ ಇನ್ನೊಬ್ಬರು ಹಾರೆಯಿಂದ ಆರ್ಮನ್ನು ಕೆಳಕ್ಕೆ ಜಗ್ಗಿ ಹಿಡಿದಿದ್ದರೆ ಕೆಲಸ ಸಲೀಸು. ನೂರು ಸಣ್ಣ ಏಟಿಗಿಂತ ಜೋರಾದ ನಾಲ್ಕು ಏಟು ಮೇಲು. ಆದರೆ ಈ ಉಪಾಯ ಕಬ್ಬಿಣ, ಉಕ್ಕಿನ ಭಾಗಕ್ಕೆ ಮಾತ್ರ. ಅಲ್ಯೂಮಿನಿಯಂ ಆಗಿದ್ದರೆ ಬಿರುಕು ಬಿಡುತ್ತೆ.

ಇಕ್ಕಳದ ಕವಲಿನಂಥ ಫೋರ್ಕ್ ಕೂಡ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಸಂದಿಗೆ ಹೊಡೆದು ಇಳಿಸಿದರೆ ಜಾಯಿಂಟ್ ಬರುತ್ತೆ, ಆದರೆ ರಬ್ಬರ್ ಬೂಟ್ ಬಹುತೇಕ ಹರಿಯುತ್ತೆ. ಹಳೇ ಜಾಯಿಂಟ್ ಎಸೆಯೋದಾದರೆ ಮಾತ್ರ ಅದನ್ನ ಬಳಸಿ.

ಹಿಡಿಕಟ್ಟು ಜಾತಿ: ಇಲ್ಲಿ ಶತ್ರು ತುಕ್ಕು

ಇಲ್ಲಿ ಕಣ್ಣಿಗೆ ಹೊಡೆದು ಪ್ರಯೋಜನ ಇಲ್ಲ, ಬೆಣೆಯೇ ಇಲ್ಲವಲ್ಲ. ಅಡ್ಡ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಸ್ಟಡ್‌ನಲ್ಲಿ ಒಂದು ಗಾಡಿ ಇದ್ದು ಬೋಲ್ಟ್ ಅದರೊಳಗೇ ಹಾದುಹೋಗಿರುತ್ತೆ. ಬೋಲ್ಟ್ ಒಳಗಿದ್ದರೆ ಸ್ಟಡ್ ಎಷ್ಟು ಜಗ್ಗಿದರೂ ಬರಲ್ಲ.

ಬೋಲ್ಟ್ ತೆಗೆದ ಮೇಲೆ ಸೀಳಿಗೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ನಂತರ ಚಪ್ಪಟೆ ಉಳಿಯಿಂದ ಸೀಳನ್ನು ಕೂದಲೆಳೆಯಷ್ಟು ಅಗಲಿಸಿ. ಹೆಚ್ಚು ಅಗಲಿಸಿದರೆ ನಕಲ್‌ನ ಕಿವಿಯೇ ಬಿರಿಯುತ್ತೆ. ಆಮೇಲೆ ಉದ್ದನೆ ಹಾರೆಯಿಂದ ಆರ್ಮನ್ನು ಕೆಳಕ್ಕೆ ಒತ್ತಿ, ಚಕ್ರದ ಹಬ್ಬನ್ನು ಎಡ ಬಲ ತಿರುಗಿಸುತ್ತಾ ಬಂದರೆ ತುಕ್ಕು ಒಡೆದು ಸ್ಟಡ್ ಇಳಿಯುತ್ತೆ.

ಈ ತಪ್ಪು ಬೇಡ

- ಸ್ಟಡ್‌ನ ತುದಿಗೆ ನೇರ ಹೊಡೆಯಬೇಡಿ. ಎಳೆ ಅಣಬೆಯ ಹಾಗೆ ಅರಳಿ ನಟ್ಟೂ ಬರಲ್ಲ, ಸ್ಟಡ್ಡೂ ಬರಲ್ಲ.
- ಗ್ಯಾಸ್ ಬೆಂಕಿ ಹಿಡಿಯಬೇಡಿ. ಬೂಟ್, ಗ್ರೀಸ್ ಹೊತ್ತಿಕೊಳ್ಳುತ್ತೆ. ಹದ ಮಾಡಿದ ಉಕ್ಕಿನ ಗಟ್ಟಿತನ ಹೋಗುತ್ತೆ.
- ಜಾಯಿಂಟ್ ಬಿಟ್ಟ ಮೇಲೆ ಹಬ್ಬನ್ನು ಹೊರಕ್ಕೆ ವಾಲಲು ಬಿಡಬೇಡಿ. ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಳಚಬಹುದು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆದುಕೊಳ್ಳಬಹುದು. ತಂತಿಯಿಂದ ಕಟ್ಟಿ ನಿಲ್ಲಿಸಿ.

ಹೊಸದು ಕೂರಿಸುವಾಗ

ಬೆಣೆ ಜಾತಿಯಲ್ಲಿ ಕಣ್ಣಿನ ಒಳಭಾಗ, ಸ್ಟಡ್ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲಿ ಗ್ರೀಸ್ ಹಚ್ಚಬಾರದು. ನಟ್ ಎಷ್ಟು ಬಿಗಿಯಬೇಕು ಅನ್ನೋದು ಒಂದೊಂದು ಗಾಡಿಗೆ ಒಂದೊಂದು ತರ. ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಪಿನ್ ತೂತು ಹೊಂದದಿದ್ದರೆ ಮುಂದಿನ ಹಲ್ಲಿಗೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಿರಲಿ. ಕೆಲವೇ ರೂಪಾಯಿಯ ಆ ಪಿನ್ ಮೇಲೆ ಮನೆಯವರೆಲ್ಲರ ಜೀವ ನಿಂತಿರುತ್ತೆ. ಹಿಡಿಕಟ್ಟು ಜಾತಿಯಲ್ಲಿ ಅಡ್ಡ ಬೋಲ್ಟ್ ಸ್ಟಡ್‌ನ ಗಾಡಿಯೊಳಗೇ ಹಾದಿದೆಯಾ ಅಂತ ಎರಡು ಸಲ ನೋಡಿ.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಹೊಸ ಟೈರ್ ಒಂದೇ ಬದಿಗೆ ಸವೆಯುತ್ತೆ. ನಾಲ್ಕು ದಿನ ಓಡಿಸಿ ನಟ್, ಬೋಲ್ಟ್ ಇನ್ನೊಮ್ಮೆ ಪರೀಕ್ಷಿಸಿ.

ಯಾವಾಗ ಕೈ ಬಿಡಬೇಕು?

ಜಾಯಿಂಟನ್ನು ಆರ್ಮ್‌ಗೆ ಪ್ರೆಸ್ ಮಾಡಿ ಕೂರಿಸಿದ್ದರೆ ಅಥವಾ ರಿವೆಟ್ ಹೊಡೆದಿದ್ದರೆ ಮನೆಯ ಸಲಕರಣೆಯಲ್ಲಿ ಆಗೋ ಕೆಲಸ ಅಲ್ಲ. ಅನೇಕ ಸಣ್ಣ ಕಾರುಗಳಲ್ಲಿ ಪೂರ್ತಿ ಲೋಯರ್ ಆರ್ಮನ್ನೇ ಬದಲಾಯಿಸುತ್ತಾರೆ, ಸಾಮಾನು ತರೋ ಮೊದಲು ವಿಚಾರಿಸಿಕೊಳ್ಳಿ. ಪುಲ್ಲರ್ ಬಿಗಿದು, ಕಣ್ಣಿಗೆ ಹೊಡೆದು ಎರಡೂ ಆದ ಮೇಲೂ ಜಗ್ಗದಿದ್ದರೆ ನಟ್ ಮತ್ತೆ ಬಿಗಿದು ಮೆಕ್ಯಾನಿಕ್‌ನ ಗಾಡಿ ಹತ್ತಿರಕ್ಕೇ ಕರೆಸಿ. ಜಾಯಿಂಟ್‌ನಲ್ಲಿ ಆಟ ಜಾಸ್ತಿ ಇದ್ದರೆ 'ಮೆಲ್ಲಗೆ ಓಡಿಸ್ಕೊಂಡು ಹೋಗ್ತೀನಿ' ಅನ್ನಬೇಡಿ, ಹೇರಿಕೊಂಡು ಹೋಗೋ ಗಾಡಿ ತರಿಸಿ. ಅದರ ಬಾಡಿಗೆ ಎಷ್ಟೇ ಆದರೂ ಆಸ್ಪತ್ರೆ ಬಿಲ್‌ಗಿಂತ ಕಡಿಮೆಯೇ.