ಹುಟ್ಟಿದ ದಿನಕ್ಕೆ ಸಾಕ್ಷಿ ಯಾರು?

ಪತ್ರಿಕೆಗಳ ‘ಇತಿಹಾಸದಲ್ಲಿ ಈ ದಿನ’ ಅಂಕಣದಲ್ಲಿ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ತಪ್ಪುವುದಿಲ್ಲ. ದಿನದ ಬಗ್ಗೆ ತಕರಾರಿಲ್ಲ, ವರ್ಷದ ಬಗ್ಗೆ ಇದೆ. ಅನೇಕ ಪುಸ್ತಕಗಳು 1861 ಎನ್ನುತ್ತವೆ, ಕೆಲವು 1860 ಎನ್ನುತ್ತವೆ. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ. ಅಂದರೆ ಸರ್ಕಾರದ ಒಂದು ಇಲಾಖೆಯ ಲೆಕ್ಕದಲ್ಲಿ ಅವರು ಹುಟ್ಟಿದ್ದು 1860ರಲ್ಲಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗಿನ ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ ಅಂದು 1731ರ ಫೆಬ್ರುವರಿ 11. 1752ರಲ್ಲಿ ಕ್ಯಾಲೆಂಡರ್ ಬದಲಾದ ಮೇಲೆ ಅದೇ ದಿನ 1732ರ ಫೆಬ್ರುವರಿ 22 ಆಯಿತು. ಷೇಕ್ಸ್‌ಪಿಯರನದಂತೂ ಸಿಕ್ಕಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನದ ದಾಖಲೆ ಮಾತ್ರ. 23ರಂದು ಹುಟ್ಟುಹಬ್ಬ ಆಚರಿಸುವುದು ರೂಢಿ. ಇಷ್ಟೆಲ್ಲ ಗೊಂದಲವಿದ್ದರೂ ಇವರಾರೂ ಹುಟ್ಟಿಯೇ ಇಲ್ಲವೆಂದು ಯಾರೂ ವಾದಿಸಿಲ್ಲ.

ಈ ಔದಾರ್ಯ ನಾಡಕಚೇರಿಯ ಕೌಂಟರಿನಲ್ಲಿ ಸಿಗುವುದಿಲ್ಲ. 65 ತುಂಬಿದವರಿಗೆ ಮೀಸಲಾದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕುವ ಮುದುಕಿಯ ಆಧಾರ್‌ನಲ್ಲಿ ಒಂದು ವರ್ಷ, ಮತದಾರರ ಚೀಟಿಯಲ್ಲಿ ಇನ್ನೊಂದು ವರ್ಷ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ‘ಸರಿ ಮಾಡಿಸ್ಕೊಂಡು ಬಾ’ ಎಂಬ ಮಾತಿನೊಂದಿಗೆ ಛಾಪಾ ಕಾಗದ, ನೋಟರಿ, ಸೈಬರ್ ಸೆಂಟರ್‌ಗಳ ಸುತ್ತಾಟ ಶುರುವಾಗುತ್ತದೆ. ಆದರೆ ಆ ಎರಡು ತಾರೀಖುಗಳನ್ನು ಬರೆದವರು ಯಾರು? ನಮ್ಮಲ್ಲಿ ಒಂದು ತಲೆಮಾರಿನ ಅದೆಷ್ಟೋ ಜನ ಜೂನ್ 1ರಂದೇ ‘ಹುಟ್ಟಿದ್ದಾರೆ’. ಬಲಗೈ ನೆತ್ತಿಯ ಮೇಲಿಂದ ಹಾದು ಎಡಗಿವಿ ಮುಟ್ಟಿದರೆ ಮಗು ಶಾಲೆಗೆ ಬಂತು ಎಂದು ಲೆಕ್ಕ ಹಾಕಿ, ಶಾಲೆ ತೆರೆಯುವ ದಿನಕ್ಕೆ ವಯಸ್ಸು ಕೂಡುವಂತೆ ಮೇಷ್ಟ್ರು ಬರೆದ ತಾರೀಖು ಅದು. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆಧಾರ್ ನೋಂದಣಿಯಲ್ಲಿ, ಬಾಯಲ್ಲಿ ಹೇಳಿದ ವಯಸ್ಸಿನಿಂದ ಹಿಂದಕ್ಕೆ ಎಣಿಸಿ, ಜನವರಿ 1 ಎಂದು ಬಿತ್ತು. ಎರಡೂ ಸರ್ಕಾರದ ಪರವಾಗಿಯೇ ಬರೆದ ಅಂದಾಜುಗಳು. ಅವು ಒಂದಕ್ಕೊಂದು ಹೊಂದದಿದ್ದಾಗ ದಂಡ ತೆರುವುದು ಮಾತ್ರ, ತನ್ನ ಹುಟ್ಟಿದ ದಿನವನ್ನು ತಾನು ಬರೆಯದ ವ್ಯಕ್ತಿ. ಇತಿಹಾಸಕಾರರು ಹಳೆಯ ತಾರೀಖುಗಳ ಜತೆ ನಡೆದುಕೊಳ್ಳುವ ರೀತಿಯನ್ನು ಕಚೇರಿಗಳು ಕಲಿತರೆ ಈ ಕಿರಿಕಿರಿಯ ಬಹುಪಾಲು ತಪ್ಪುತ್ತದೆ ಎಂಬುದು ನನ್ನ ವಾದ.

ಆ ರೀತಿ ಸಡಿಲವಾದದ್ದೇನಲ್ಲ. ಶಾಸನವೊಂದರಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಕೊಟ್ಟಿದ್ದರೂ ವಿದ್ವಾಂಸರು ಅದನ್ನು ಹಾಗೆಯೇ ಒಪ್ಪುವುದಿಲ್ಲ; ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ಹಿಡಿದು ತಾಳೆ ನೋಡುತ್ತಾರೆ. ತಿಥಿಗೂ ವಾರಕ್ಕೂ ಹೊಂದದ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಗ ಕಲ್ಲನ್ನು ಎಸೆಯುವುದಿಲ್ಲ. ಕೆತ್ತಿದವನ ಕೈತಪ್ಪೋ, ಆಮೇಲೆ ಮಾಡಿದ ನಕಲೋ, ಕೂಟಶಾಸನವೋ ಎಂದು ಲಿಪಿಯನ್ನೂ ಭಾಷೆಯನ್ನೂ ನೋಡಿ ತೀರ್ಮಾನಿಸಿ, ಕಾರಣವನ್ನು ಬರೆದಿಡುತ್ತಾರೆ. ತಾರೀಖೇ ಇಲ್ಲದ ನೆನಪಿಗೂ ಇಲ್ಲಿ ಬೆಲೆಯಿದೆ. ಹಳೆಯ ಮೈಸೂರಿನವರು ‘ಧಾತು ಈಶ್ವರದ ಬರ’ ಎಂದದ್ದನ್ನು ಸಂವತ್ಸರದ ಲೆಕ್ಕದಿಂದ 1876-78 ಎಂದು ಗುರುತಿಸಬಹುದು. ಸರ್ಕಾರಕ್ಕೂ ಈ ವಿದ್ಯೆ ಗೊತ್ತು. ವಯಸ್ಸು ಹೇಳಲಾರದವರ ಮನೆಗೆ ಹೋದ ಜನಗಣತಿಯವರು ಬರ, ನೆರೆ, ಚುನಾವಣೆಗಳಂಥ ಎಲ್ಲರಿಗೂ ನೆನಪಿರುವ ಘಟನೆಗಳನ್ನು ಎತ್ತಿ ‘ಆಗ ನೀವು ಎಷ್ಟು ದೊಡ್ಡವರಿದ್ದಿರಿ?’ ಎಂದು ಕೇಳುವುದು ಹಳೆಯ ಪದ್ಧತಿ. ಲೆಕ್ಕ ತೆಗೆದುಕೊಳ್ಳುವಾಗ ಒಪ್ಪುವ ಸಾಕ್ಷ್ಯವನ್ನು ಸವಲತ್ತು ಕೊಡುವಾಗ ಕಿವಿಗೂ ಹಾಕಿಕೊಳ್ಳದಿರುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಇದು ಬಡವರ, ಅನಕ್ಷರಸ್ಥರ ತೊಂದರೆ ಮಾತ್ರ ಎಂದುಕೊಂಡವರು ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣವನ್ನು ನೆನೆಯಬೇಕು. ಅವರ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದಲ್ಲಿ 1951ರ ಮೇ 10, ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವಾಗಿನ ಅರ್ಜಿಯಲ್ಲಿ 1950ರ ಮೇ 10. ಸೇನಾ ಮುಖ್ಯ ಕಚೇರಿಯ ಒಂದು ಶಾಖೆ ಒಂದನ್ನು, ಇನ್ನೊಂದು ಶಾಖೆ ಮತ್ತೊಂದನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂತು. ಸೇನಾ ಮುಖ್ಯಸ್ಥರಾಗಿದ್ದೂ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2012ರ ಫೆಬ್ರುವರಿಯಲ್ಲಿ ಅರ್ಜಿ ಹಿಂತೆಗೆದುಕೊಂಡು, ಮೇ ತಿಂಗಳ ಕೊನೆಗೆ, 1950ರ ಲೆಕ್ಕದಲ್ಲೇ ನಿವೃತ್ತರಾದರು. ಅವರ ವಾದ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಎರಡು ಶಾಖೆಗಳು ತಾವೇ ಕುಳಿತು, ಯಾವ ದಾಖಲೆ ಹೆಚ್ಚು ನಂಬಲರ್ಹ ಎಂದು ಸಕಾಲದಲ್ಲಿ ತೀರ್ಮಾನಿಸಿದ್ದರೆ ವಿಷಯ ಅಲ್ಲಿಗೆ ಹೋಗುತ್ತಿರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇತಿಹಾಸದ ತಾರೀಖು ಹಿಂದುಮುಂದಾದರೆ ಖಜಾನೆಗೆ ನಷ್ಟವಿಲ್ಲ, ಪಿಂಚಣಿಯದು ತಪ್ಪಿದರೆ ಇದೆ. ನಿವೃತ್ತಿಯ ಹೊಸ್ತಿಲಲ್ಲಿ ವಯಸ್ಸು ಇಳಿಸಿಕೊಳ್ಳಲು ಹೊರಡುವ ನೌಕರರೂ ಇದ್ದಾರೆ. ಅವರನ್ನು ತಡೆಯಲೆಂದೇ ಕರ್ನಾಟಕದಲ್ಲಿ ರಾಜ್ಯ ನೌಕರರ ವಯೋನಿರ್ಧಾರಕ್ಕೆ 1974ರ ಕಾಯ್ದೆಯಿದೆ, ಅದು ಇರಬೇಕಾದದ್ದೇ. ಆದರೆ ಮೋಸ ಹಿಡಿಯಲು ಈಗಿನ ಸಾಮಾನ್ಯ ಕ್ರಮವೇನು? ಅರ್ಜಿದಾರನ ಮಾತನ್ನೇ ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ ಅವನಿಂದಲೇ ಸಹಿ ಹಾಕಿಸುವುದು. ಸುಳ್ಳು ಹೇಳುವವನಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಇತಿಹಾಸಕಾರ ಹಾಗೆ ಮಾಡುವುದಿಲ್ಲ: ಈ ದಾಖಲೆ ಯಾವಾಗ ಹುಟ್ಟಿತು, ಬರೆದವರು ಯಾರು, ಇದರಿಂದ ಲಾಭ ಯಾರಿಗೆ ಎಂದು ಕೇಳುತ್ತಾನೆ. ಲಾಭದ ಆಸೆಯೇ ಇಲ್ಲದಿದ್ದ ಅರವತ್ತು ವರ್ಷದ ಹಿಂದಿನ ಶಾಲಾ ದಾಖಲಾತಿ ಪುಸ್ತಕ, ನಿನ್ನೆ ಮಾಡಿಸಿದ ಅಫಿಡವಿಟ್‌ಗಿಂತ ತೂಕದ್ದು ಎಂಬುದು ಅವನಿಗೆ ತಾನಾಗಿಯೇ ತಿಳಿಯುತ್ತದೆ.

ಹೀಗೆ ತೂಗುವ ಅಧಿಕಾರ ಗುಮಾಸ್ತರ ಕೈಗೆ ಬಂದರೆ ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತಾಗದೆ ಎಂಬುದು ಎರಡನೆಯ ಆಕ್ಷೇಪ. ಮನಸ್ಸಿಗೆ ಬಂದಂತೆ ತೂಗಿದರೆ ನಿಜ. ತೂಗುವ ಕ್ರಮವನ್ನು ಮೊದಲೇ ಬರೆದಿಟ್ಟರೆ ಆ ಭಯ ಬಹಳ ಕಡಿಮೆಯಾಗುತ್ತದೆ, ಮತ್ತು ಅಂಥ ಕ್ರಮ ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ವಯಸ್ಸಿನ ನಿರ್ಧಾರಕ್ಕೆ ಮೆಟ್ಟಿಲುಗಳನ್ನು ಹಾಕಿಕೊಟ್ಟಿದೆ: ಮೊದಲು ಶಾಲೆಯ ಅಥವಾ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಇಲ್ಲವೇ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ಕಲಮಿನ ಆಸರೆಯಿಂದ, ಆಧಾರ್‌ನಲ್ಲಿದ್ದ ಜನ್ಮದಿನಕ್ಕಿಂತ ಶಾಲಾ ಪ್ರಮಾಣಪತ್ರದ್ದನ್ನು ಎತ್ತಿಹಿಡಿಯಿತು. ನ್ಯಾಯಾಧೀಶರು ಬಳಸಬಹುದಾದ ಮೆಟ್ಟಿಲನ್ನು ತಹಶೀಲ್ದಾರರೂ ಬಳಸಬಹುದು. ಕಾರಣವನ್ನು ಆದೇಶದಲ್ಲಿ ಬರೆಯುವುದು ಕಡ್ಡಾಯವಾದರೆ, ಅದು ತಪ್ಪೆಂದು ಕಂಡವರು ಮೇಲ್ಮನವಿ ಹಾಕಬಹುದು.

ಕಾಲವೇ ಇದನ್ನು ಸರಿಮಾಡುತ್ತದೆ ಎನ್ನುವವರೂ ಇದ್ದಾರೆ. ತಿದ್ದುಪಡಿಯಾದ ಜನನ-ಮರಣ ನೋಂದಣಿ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಅಂದಿನಿಂದ ಹುಟ್ಟುವ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೊಂದೇ ಆಧಾರ. ಆದರೆ ಆ ಮಕ್ಕಳಿಗೆ 65 ತುಂಬುವುದು 2088ರಲ್ಲಿ. ದೇಶಕ್ಕೆಲ್ಲ ಒಂದೇ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಇಂದು ವೃದ್ಧಾಪ್ಯದ ಪಿಂಚಣಿಗೆ ಸಾಲಿನಲ್ಲಿ ನಿಂತವರೆಲ್ಲ ಅದಕ್ಕಿಂತ ಮೊದಲು ಹುಟ್ಟಿದವರು. ಅವರಿಗೆ ಬೇಕಾಗಿರುವುದು ಎರಡೇ ಸಣ್ಣ ಬದಲಾವಣೆ. ಪ್ರತಿ ದಾಖಲೆಯಲ್ಲೂ ಜನ್ಮದಿನದ ಪಕ್ಕದಲ್ಲಿ ಅದು ಆಸ್ಪತ್ರೆಯದೋ, ಶಾಲೆಯದೋ, ಅಂದಾಜಿನದೋ ಎಂದು ನಮೂದಾಗಲಿ. ಅಂದಾಜು ಎಂದು ಗೊತ್ತಿದ್ದ ತಾರೀಖು ಇನ್ನೊಂದಕ್ಕೆ ಹೊಂದದಿದ್ದರೆ ಅದು ಅಪರಾಧವಾಗಿ ಕಾಣುವುದಿಲ್ಲ. ಇನ್ನು ಸರ್ಕಾರದ ಎರಡು ಕಾಗದಗಳು ಜಗಳವಾಡಿದರೆ, ಆ ಜಗಳ ಬಿಡಿಸುವ ಹೊಣೆ ಕಾಗದ ಕೊಟ್ಟವರ ಮೇಲಿರಲಿ, ಅದಕ್ಕೆ ಗಡುವೂ ಇರಲಿ. ಗೊತ್ತಿಗಿಂತ ಹೆಚ್ಚು ಖಚಿತವಾಗಿ ಬರೆಯುವುದು ಇತಿಹಾಸದಲ್ಲಿ ದೋಷ. ಆಡಳಿತದಲ್ಲೂ ಅದನ್ನು ದೋಷವೆಂದೇ ಎಣಿಸಿದ ದಿನ, ‘ಸರಿ ಮಾಡಿಸ್ಕೊಂಡು ಬಾ’ ಎನ್ನುವ ಮೊದಲು ತಪ್ಪು ಎಲ್ಲಿ ಹುಟ್ಟಿತು ಎಂದು ಕಚೇರಿ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.