ಹುಡುಕಿಕೊಡುವ ಸೂತ್ರ: ಹಿರಿಯರ ಮಾತ್ರೆಗಳ ಪಟ್ಟಿ



ಊರಿನಿಂದ ನೆದರ್ಲ್ಯಾಂಡ್ಸಿಗೆ ಬರುವ ತಂದೆತಾಯಿಗಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳೊಂದಿಗೆ ಮಾತ್ರೆಗಳೂ ಇರುತ್ತವೆ. ಹಿರಿಯರು ಬಲ್ಲದ್ದು ಅವುಗಳ ಕಂಪನಿಯ ಹೆಸರು. ಇಲ್ಲಿಯ ಹೌಸ್‌ಆರ್ಟ್ಸ್ ಕೇಳುವುದು ಮೂಲ ಔಷಧದ ಹೆಸರು. ಒಂದರಿಂದ ಇನ್ನೊಂದನ್ನು ತಿಳಿಯಲು ಎಕ್ಸೆಲ್‌ನಲ್ಲಿ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು.

ಮೊದಲ ಕಾಲಂನಲ್ಲಿ ಮಾತ್ರೆಯ ಹಾಳೆಯಲ್ಲಿರುವಂತೆ ರೋಮನ್ ಅಕ್ಷರಗಳಲ್ಲಿ ಕಂಪನಿಯ ಹೆಸರು, ಎರಡನೆಯದರಲ್ಲಿ ಮೂಲ ಔಷಧ. ಅಮ್ಲಾಂಗ್ ಎಂದರೆ ಅಮ್ಲೋಡಿಪಿನ್, ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಎಂದರೆ ಟೆಲ್ಮಿಸಾರ್ಟಾನ್. ಹೀಗೆ ನಾಲ್ಕು ಸಾಲುಗಳು.

ಹುಡುಕುವ ಸೂತ್ರದ ಹೆಸರು ಇಂಗ್ಲಿಷ್ ಎಕ್ಸೆಲ್‌ನಲ್ಲಿ ವಿಲುಕಪ್, ಡಚ್ ಎಕ್ಸೆಲ್‌ನಲ್ಲಿ ವರ್ಟ್.ಜೂಕನ್. ಅದು ನಮ್ಮನ್ನು ನಾಲ್ಕು ಪ್ರಶ್ನೆ ಕೇಳುತ್ತದೆ: ಯಾವುದನ್ನು ಹುಡುಕಲಿ? ಯಾವ ಪಟ್ಟಿಯಲ್ಲಿ? ಸಿಕ್ಕ ಸಾಲಿನ ಎಷ್ಟನೆಯ ಕಾಲಂ ಬೇಕು? ಹೆಸರು ಪೂರ್ತಿ ಹೊಂದಬೇಕೋ, ಅಂದಾಜು ಸಾಕೋ? ಹುಡುಕುವ ಹೆಸರು ಪಟ್ಟಿಯ ಎಡತುದಿಯ ಕಾಲಂನಲ್ಲಿಯೇ ಇರತಕ್ಕದ್ದು.

ಅಪಾಯವಿರುವುದು ನಾಲ್ಕನೆಯ ಪ್ರಶ್ನೆಯಲ್ಲಿ. ಉತ್ತರಿಸದೆ ಬಿಟ್ಟರೆ ಸೂತ್ರವು ‘ಅಂದಾಜು ಸಾಕು’ ಎಂದೇ ಭಾವಿಸುತ್ತದೆ. ಆಗ ಅದು ಹುಡುಕುವ ಹೆಸರು ಇಲ್ಲದಿದ್ದರೆ ಅಕಾರಾದಿಯಲ್ಲಿ ಅದಕ್ಕಿಂತ ಹಿಂದಿರುವ ಹೆಸರಿನಲ್ಲಿ ನಿಲ್ಲುತ್ತದೆ. ಪರೀಕ್ಷೆಯ ಅಂಕಗಳಿಗೆ ಇದು ಸರಿ: 35, 50, 60 ಎಂಬ ದರ್ಜೆಪಟ್ಟಿಯಲ್ಲಿ 57 ಅಂಕಕ್ಕೆ 50ರ ಸಾಲೇ ಉತ್ತರ. ಔಷಧಿಗೆ ಸಲ್ಲದು. ಥೈರಾಯ್ಡ್ ಮಾತ್ರೆಯಾದ ಎಲ್ಟ್ರಾಕ್ಸಿನ್ ನಮ್ಮ ಪಟ್ಟಿಯಲ್ಲಿಲ್ಲ. ರೋಮನ್ ಅಕ್ಷರಕ್ರಮದಲ್ಲಿ ಅದಕ್ಕೆ ಹಿಂದಿನದು ಇಕೋಸ್ಪ್ರಿನ್. ಆದುದರಿಂದ ಸೂತ್ರವು ಯಾವ ಎಚ್ಚರಿಕೆಯೂ ಇಲ್ಲದೆ ‘ಆಸ್ಪಿರಿನ್’ ಎಂದು ಉತ್ತರಿಸುತ್ತದೆ!

ಆದಕಾರಣ ನಾಲ್ಕನೆಯ ಸ್ಥಾನದಲ್ಲಿ ಇಂಗ್ಲಿಷಿನ ಫಾಲ್ಸ್, ಡಚ್ಚಿನ ಒನ್‌ವಾರ್ ಎಂದು ತಪ್ಪದೆ ಬರೆಯಿರಿ. ಹೆಸರು ಸಿಗದಿದ್ದರೆ ಡಚ್ ಎಕ್ಸೆಲ್ ‘ಎನ್/ಬಿ’, ಎಂದರೆ ಲಭ್ಯವಿಲ್ಲ, ಎನ್ನುತ್ತದೆ. 2019ರಲ್ಲಿ ಪ್ರಕಟವಾದ ಎಕ್ಸ್‌ಲುಕಪ್ ಸೂತ್ರವು ನಾವು ಹೇಳದೆಯೇ ಪೂರ್ತಿ ಹೊಂದುವ ಹೆಸರನ್ನೇ ಹುಡುಕುತ್ತದೆ. ಹಳೆಯ ಎಕ್ಸೆಲ್‌ಗಳಲ್ಲಿ ಅದು ಇಲ್ಲ.

ಇನ್ನೆರಡು ಮಾತು. ಟೆಲ್ಮಾ ಬೇರೆ, ಟೆಲ್ಮಾ-ಎಚ್ ಬೇರೆ; ಎರಡನೆಯದರಲ್ಲಿ ಮೂತ್ರವರ್ಧಕವೂ ಸೇರಿದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲಿರಲಿ, ಮಿಲಿಗ್ರಾಂ ಪ್ರಮಾಣಕ್ಕೊಂದು ಕಾಲಂ ಇರಲಿ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಸೂತ್ರಕ್ಕೆ ಅದು ಬೇರೆಯೇ ಹೆಸರು.

ಹಿರಿಯರು ಬರುವ ಮುನ್ನವೇ ಹಾಳೆಗಳ ಚಿತ್ರ ತರಿಸಿಕೊಂಡು ಪಟ್ಟಿಯನ್ನು ತುಂಬಿಸಿಡಿ. ವೈದ್ಯರಲ್ಲಿಗೆ ಹೋಗುವಾಗ ಪಟ್ಟಿಯೊಂದಿಗೆ ಮಾತ್ರೆಯ ಹಾಳೆಯನ್ನೂ ಒಯ್ಯಿರಿ. ಕೊನೆಯ ಪ್ರಮಾಣ ಅದೇ.